ಬೆಂಕಿ ರೋಗದ ಮಸಿ



ಈ ಉಪನ್ಯಾಸದ ದತ್ತಿ ಒಬ್ಬ ಪ್ರಾಥಮಿಕ ಶಾಲೆಯ ಮೇಷ್ಟರ ಹೆಸರಿನಲ್ಲಿದೆ. ದತ್ತಿ ಇಡುವಾಗ ಅವರ ಮಕ್ಕಳು ಹಾಕಿದ ಷರತ್ತು ಒಂದೇ ಅಂತೆ: ವಿಷಯ ವಿಜ್ಞಾನದ್ದಾಗಿರಲಿ, ಆದರೆ ಕೊನೆಯ ಸಾಲಿನಲ್ಲಿ ಕೂತ ರೈತರು ಅರ್ಧಕ್ಕೇ ಎದ್ದು ಹೋಗಬಾರದು. ಎದ್ದು ಹೋಗುವುದಕ್ಕೆ ಡೇರಿಗೆ ಹಾಲು ಹಾಕುವ ಹೊತ್ತಾಯಿತೆಂಬ ಕಾರಣವೂ ಇರುತ್ತದೆ. ಹಾಗಾಗಿ ಪೀಠಿಕೆ ಬಿಟ್ಟು ವಿಷಯಕ್ಕೆ ಬರುತ್ತೇನೆ.

ಬೆಳೆಗೆ ರೋಗ ತರುವ ಶಿಲೀಂಧ್ರಗಳಲ್ಲಿ ಸಾವಿರಾರು ಕಿಣ್ವಗಳಿವೆ. ಹೆಚ್ಚಿನವು ಉಣ್ಣಲು, ಉಸಿರಾಡಲು, ಬೆಳೆಯಲು ಬೇಕಾದವು. ಅಂಥವು ನಮ್ಮ ಮೈಯಲ್ಲೂ ಇವೆ. ಇನ್ನು ಕೆಲವು ಹಾಗಲ್ಲ. ಅವಿಲ್ಲದಿದ್ದರೂ ಶಿಲೀಂಧ್ರ ಬದುಕುತ್ತದೆ, ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿ ಹುಲುಸಾಗಿಯೇ ಹಬ್ಬುತ್ತದೆ. ಗದ್ದೆಗೆ ಬಂದಾಗ ಮಾತ್ರ ಅವಿಲ್ಲದೆ ಅದರ ಆಟ ನಡೆಯುವುದಿಲ್ಲ. ಈ ಬಗೆಯ ಕಿಣ್ವಗಳ ಕಥೆಯನ್ನು ಭತ್ತದ ಎರಡು ಶಿಲೀಂಧ್ರಗಳನ್ನು ಹಿಡಿದು ಹೇಳುತ್ತೇನೆ. ಒಂದು ಮಸಿ ಕಾಯಿಸುತ್ತದೆ, ಇನ್ನೊಂದು ಪೈರನ್ನು ಹಿಡಿದು ಉದ್ದಕ್ಕೆ ಎಳೆಯುತ್ತದೆ. ಕಳೆದ ಅರ್ಧ ಶತಮಾನದ ನಮ್ಮ ಭತ್ತದ ಬೇಸಾಯ ಈ ಎರಡು ಕಸುಬುಗಳ ನಡುವೆ ಸಿಕ್ಕಿಕೊಂಡಿದೆ ಎಂಬುದು ನನ್ನ ವಾದ.

ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಸುಮಾರು ಮೂವತ್ತು ವರ್ಷದ ಹಿಂದಿನ ಮಾತು. ಸಸ್ಯರೋಗ ಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಊರಿಗೆ ಬಂದಿದ್ದೆ. ಓದಿದ ಬಿಸಿ ಇನ್ನೂ ಆರಿರಲಿಲ್ಲ. ನಮ್ಮದು ಮಂಡ್ಯದ ನಾಲೆ ಬಯಲು. ದೂರದ ಸಂಬಂಧದಲ್ಲಿ ದೊಡ್ಡಪ್ಪನಾಗಬೇಕಾದ ಒಬ್ಬರು ಸಂಜೆ ಮನೆಗೆ ಬಂದು, "ಗದ್ದೆಗೆ ಬೆಂಕಿ ಬಿದ್ದದೆ, ಒಸಿ ಬಂದು ನೋಡಪ್ಪ" ಅಂದರು. ಹೋಗಿ ನೋಡಿದರೆ ತೆನೆ ಹೊರಟು ವಾರ ಕಳೆದಿತ್ತು. ತೆನೆಯ ಕುತ್ತಿಗೆ ಕಪ್ಪಗಾಗಿತ್ತು, ಕೆಲವು ಆಗಲೇ ಮುರಿದು ಜೋತುಬಿದ್ದಿದ್ದವು. ಭತ್ತದ ಬೆಂಕಿ ರೋಗ. ಮದ್ದು ನನ್ನ ನಾಲಿಗೆಯ ತುದಿಯಲ್ಲೇ ಇತ್ತು: ಟ್ರೈಸೈಕ್ಲಜೋಲ್, ಲೀಟರ್ ನೀರಿಗೆ 0.6 ಗ್ರಾಂ. ದೊಡ್ಡಪ್ಪ ಸಾಲ ಮಾಡಿ ತಂದು ಹೊಡೆಸಿದರು. ಸುಗ್ಗಿಯಲ್ಲಿ ತೂರಿದರೆ ಅರ್ಧಕ್ಕರ್ಧ ಜೊಳ್ಳು. ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂಗಡಿಯವನು ಔಷಧಿ ಅಂತ ಸುಣ್ಣದ ಪುಡಿ ಕಟ್ಟಿಕೊಟ್ಟ ಎಂದು ಊರಲ್ಲೆಲ್ಲ ಹೇಳಿದರು.

ಔಷಧಿ ಅಸಲಿಯೇ ಆಗಿತ್ತು. ಅದರ ಹೆಸರು, ಅಳತೆ ಎರಡೂ ನನಗೆ ಗೊತ್ತಿದ್ದವು, ಅದು ಮಾಡುವ ಕೆಲಸ ಗೊತ್ತಿರಲಿಲ್ಲ.

ಗೊತ್ತಾದದ್ದು ಮುಂದೆ ಪಾಠ ಹೇಳತೊಡಗಿದ ಮೇಲೆ. ಶಿಲೀಂಧ್ರನಾಶಕಗಳನ್ನು ಪರೀಕ್ಷಿಸುವ ಸುಲಭದ ದಾರಿಯೊಂದಿದೆ. ಶಿಲೀಂಧ್ರ ಬೆಳೆಯುವ ಅಗರ್ ತಟ್ಟೆಗೆ ಔಷಧಿ ಬೆರೆಸಿ, ನಡುವೆ ಶಿಲೀಂಧ್ರದ ಚೂರಿಟ್ಟು, ಎಷ್ಟು ಹರಡಿತೆಂದು ದಿನವೂ ಅಳೆಯುವುದು. ಬೇರೆ ಔಷಧಿಗಳ ತಟ್ಟೆಯಲ್ಲಿ ಬೆಂಕಿ ರೋಗದ ಶಿಲೀಂಧ್ರ ಮುದುಡಿ ಕೂತಿತ್ತು. ಟ್ರೈಸೈಕ್ಲಜೋಲ್ ತಟ್ಟೆಯಲ್ಲಿ ಮಾತ್ರ ಏನೂ ಆಗದಂತೆ ಅಂಚಿನವರೆಗೂ ಹಬ್ಬಿತ್ತು. ವಿದ್ಯಾರ್ಥಿಗಳು ಔಷಧಿ ಹಾಕುವುದನ್ನೇ ಮರೆತೆವೆಂದು ಗಾಬರಿಯಾದರು. ಮರೆತಿರಲಿಲ್ಲ. ಬದಲಾದದ್ದು ಬಣ್ಣ. ಬೂದು ಕಪ್ಪಾಗಬೇಕಿದ್ದ ಶಿಲೀಂಧ್ರ ಇಟ್ಟಿಗೆಯ ಹಾಗೆ ಕೆಂಪು ಕಂದಾಗಿತ್ತು. ಆ ಔಷಧಿಗೆ ಶಿಲೀಂಧ್ರವನ್ನು ಕೊಲ್ಲುವ ಉದ್ದೇಶವೇ ಇಲ್ಲ. ಅದು ಮಸಿ ಆಗದಂತೆ ತಡೆಯುತ್ತದೆ, ಅಷ್ಟೇ.

ಮಸಿ ನಿಂತರೆ ರೋಗ ಯಾಕೆ ನಿಲ್ಲಬೇಕು? ಅದಕ್ಕೆ ಶಿಲೀಂಧ್ರ ಎಲೆಯೊಳಗೆ ನುಗ್ಗುವ ಬಗೆಯನ್ನು ನೋಡಬೇಕು.

ಬೆಂಕಿ ರೋಗದ ಶಿಲೀಂಧ್ರಕ್ಕೆ ವಿಜ್ಞಾನಿಗಳಿಟ್ಟ ಹೆಸರು ಮ್ಯಾಗ್ನಪೋರ್ತೆ ಒರೈಜೆ. ಹಳೆಯ ಪುಸ್ತಕಗಳಲ್ಲಿ ಪೈರಿಕ್ಯುಲೇರಿಯಾ. ರಾಗಿಯ ಎಲೆಗೆ ಬೆಂಕಿ ಹಚ್ಚುವುದೂ, ಇಲುಕು ಮುರಿಯುವುದೂ ಇದರದೇ ಬಳಗ. ಇದರ ಬೀಜಾಣು ಮೂರು ಕೋಣೆಯ ಪುಟ್ಟ ಮರಸೇಬಿನಂತೆ. ಇಬ್ಬನಿ ಬಿದ್ದ ರಾತ್ರಿ ಗರಿಯ ಮೇಲೆ ಕೂತು ಸಣ್ಣ ಎಳೆ ಚಾಚುತ್ತದೆ. ಎಳೆಯ ತುದಿ ಉಬ್ಬಿ ಬೋರಲು ಹಾಕಿದ ಬಟ್ಟಲಿನಂಥ ಒಂದು ಕೋಶವಾಗುತ್ತದೆ. ಭತ್ತದ ಗರಿಯ ಮೇಲ್ಮೈ ಮೇಣ ಹಚ್ಚಿದಂತೆ ನುಣುಪು, ಒಳಗೆ ಮರಳಿನ ಸತ್ವ ತುಂಬಿದ ಗಡಸು. ಬಾಗಿಲಿಲ್ಲದ ಈ ಗೋಡೆಯನ್ನು ಶಿಲೀಂಧ್ರ ಒತ್ತಡದಿಂದ ಒಡೆಯುತ್ತದೆ. ಬಟ್ಟಲಿನಂಥ ಆ ಕೋಶ ತನ್ನೊಳಗೆ ಗ್ಲಿಸರಾಲ್ ಕೂಡಿಹಾಕುತ್ತದೆ, ಉಪ್ಪಿನಕಾಯಿ ಜಾಡಿಯಲ್ಲಿ ಉಪ್ಪು ಕೂಡಿದ ಹಾಗೆ. ಗ್ಲಿಸರಾಲ್ ಹೊರಗಿನ ನೀರನ್ನು ಒಳಗೆ ಸೆಳೆದುಕೊಳ್ಳುತ್ತದೆ, ಕೋಶ ಬಿಗಿಯುತ್ತದೆ. 1991ರಲ್ಲಿ ಅಳೆದಾಗ ಈ ಒತ್ತಡ 8 ಮೆಗಾಪಾಸ್ಕಲ್‌ವರೆಗೆ, ಅಂದರೆ ಸುಮಾರು 80 ವಾಯುಭಾರದಷ್ಟು ಬಂತು. ನಿಮ್ಮ ಕಾರಿನ ಚಕ್ರದೊಳಗಿನ ಗಾಳಿಯ ಒತ್ತಡ ಎರಡು ವಾಯುಭಾರದ ಆಚೀಚೆ. ಆ ಬಲವೆಲ್ಲ ಬಟ್ಟಲಿನ ತಳದ ಒಂದು ಸೂಜಿಮೊನೆಗೆ ಹರಿದು ಗರಿಯನ್ನು ತೂತು ಮಾಡುತ್ತದೆ.

ಇಷ್ಟೊಂದು ಒತ್ತಡ ಹಿಡಿದಿಡುವುದು ಕೋಶದ ಗೋಡೆಗೆ ಬಳಿದ ಮಸಿ, ಮೆಲನಿನ್. ನೀರನ್ನು ಒಳಗೆ ಬಿಟ್ಟು ಗ್ಲಿಸರಾಲನ್ನು ಹೊರಗೆ ಬಿಡದ ತೆಳ್ಳನೆಯ ಕಪ್ಪು ಪದರ ಅದು. ಮಸಿ ಇಲ್ಲದ ಕೋಶವೂ ಉಬ್ಬುತ್ತದೆ, ನೋಡಲು ಸರಿಯಾಗಿಯೇ ಇರುತ್ತದೆ. ಆದರೆ ಗ್ಲಿಸರಾಲ್ ಸೋರಿಹೋಗಿ ಒತ್ತಡ ಏರುವುದಿಲ್ಲ. ಅದು ಗರಿಯ ಮೇಲೆ ಸುಮ್ಮನೆ ಕೂತಿರುತ್ತದೆ. ಅದೇ ಗರಿಯನ್ನು ಸೂಜಿಯಿಂದ ಗೀರಿ ಕೊಡಿ, ಮಸಿ ಇಲ್ಲದ ಶಿಲೀಂಧ್ರವೂ ಗಾಯದ ದಾರಿಯಲ್ಲಿ ಒಳಗೆ ಹೋಗಿ ರೋಗ ತರುತ್ತದೆ. ಹಸಿವು, ಸಾಮರ್ಥ್ಯ ಎಲ್ಲ ಇತ್ತು. ಕದ ಒಡೆಯಲು ಮಾತ್ರ ಆಗಿರಲಿಲ್ಲ. ಮೆಣಸಿನಕಾಯಿಗೆ, ಮಾವಿಗೆ ಚಿಬ್ಬು ರೋಗ ತರುವ ಶಿಲೀಂಧ್ರಗಳೂ ಇಂಥದೇ ಕಪ್ಪು ಬಟ್ಟಲು ಕಟ್ಟುತ್ತವೆ.

ಇನ್ನು ಮಸಿ ಕಾಯಿಸುವ ಕಿಣ್ವಗಳು. ಮೊದಲನೆಯದು ದೊಡ್ಡದು, ಪಾಲಿಕೀಟೈಡ್ ಸಿಂಥೇಸ್. ಅದರ ಕೆಲಸ ನೋಡಿದಾಗಲೆಲ್ಲ ನನಗೆ ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಹೂ ಕಟ್ಟುವವರು ನೆನಪಾಗುತ್ತಾರೆ. ಬುಟ್ಟಿಯಿಂದ ಎರಡೆರಡು ಮಲ್ಲಿಗೆ ತೆಗೆದು, ದಾರಕ್ಕೆ ಒತ್ತಿ, ಬೆರಳಿನಿಂದ ಒಂದು ಗಂಟು. ಕೈ ಮತ್ತೆ ಬುಟ್ಟಿಗೆ. ಈ ಕಿಣ್ವಕ್ಕೂ ಅಂಥ ಆಡುವ ತೋಳೊಂದಿದೆ. ಮೆಲೋನಿಲ್ ಎಂಬ ಬುಟ್ಟಿಯಿಂದ ಎರಡೆರಡು ಇಂಗಾಲದ ತುಣುಕು ತಂದು ಸರಕ್ಕೆ ಸೇರಿಸುತ್ತದೆ. ಐದು ಜೋಡಿಯಾದಾಗ ಹತ್ತು ಇಂಗಾಲದ ಸರ. ಅದನ್ನು ಬಾಗಿಸಿ ಎರಡು ಬಳೆ ಅಂಟಿದಂಥ ಆಕಾರಕ್ಕೆ ತಂದು ಕೈಬಿಡುತ್ತದೆ. ಮುಂದಿನವು ಚಿಕ್ಕ ಕೆಲಸಗಾರರು: ಒಂದು ಕಿಣ್ವ ಹೈಡ್ರೋಜನ್ ಸೇರಿಸುತ್ತದೆ, ಇನ್ನೊಂದು ನೀರು ಹಿಂಡಿ ತೆಗೆಯುತ್ತದೆ, ಮತ್ತೆ ಹೈಡ್ರೋಜನ್, ಮತ್ತೆ ನೀರು. ಕೊನೆಗೆ ಬಂದ ಅಣುಗಳು ಗಾಳಿಯ ಆಮ್ಲಜನಕದಿಂದ ಒಂದಕ್ಕೊಂದು ಹೆಣೆದುಕೊಂಡು ಕಪ್ಪಾಗುತ್ತವೆ.

ಇದೆಲ್ಲ ಬೆಳಕಿಗೆ ಬಂದದ್ದು ಬಣ್ಣ ಕೆಟ್ಟ ಶಿಲೀಂಧ್ರಗಳಿಂದ. ಸಂಶೋಧಕರಿಗೆ ಮೂರು ಬಗೆಯ ರೂಪಾಂತರಿಗಳು ಸಿಕ್ಕವು: ಬಿಳಿ, ಗುಲಾಬಿ, ಮಾಸಲು ಕಂದು. ಬಿಳಿಯದರಲ್ಲಿ ಹೂ ಕಟ್ಟುವ ಕಿಣ್ವವೇ ಇರಲಿಲ್ಲ. ಗುಲಾಬಿಯದರಲ್ಲಿ ನೀರು ತೆಗೆಯುವುದು, ಕಂದಿನಲ್ಲಿ ಎರಡನೇ ಸಲ ಹೈಡ್ರೋಜನ್ ಸೇರಿಸುವುದು ಕೆಟ್ಟಿತ್ತು. ಅರ್ಧಕ್ಕೇ ನಿಂತ ಸರಕು ಪಕ್ಕದ ದಾರಿ ಹಿಡಿದು ಬೇರೆ ಬಣ್ಣವಾಗುತ್ತಿತ್ತು. ಮೂರಕ್ಕೂ ಆರೋಗ್ಯವಂತ ಗರಿಯನ್ನು ತೂತು ಮಾಡಲು ಆಗಲಿಲ್ಲ. ಟ್ರೈಸೈಕ್ಲಜೋಲ್ ಮಾಡುವುದು ಈ ಮೂರನೆಯದನ್ನೇ: ಆ ಹೈಡ್ರೋಜನ್ ಸೇರಿಸುವ ಕಿಣ್ವದ ಬಾಯಿಗೆ ಬೀಗ. ನಮ್ಮ ತಟ್ಟೆಯ ಇಟ್ಟಿಗೆ ಬಣ್ಣ ಅಲ್ಲಿಂದ ಬಂದದ್ದು.

ಈಗ ದೊಡ್ಡಪ್ಪನ ಗದ್ದೆಗೆ ಹಿಂದಿರುಗಿ. ನಾನು ಹೊಡೆಸಿದ ಹೊತ್ತಿಗೆ ಶಿಲೀಂಧ್ರ ಕುತ್ತಿಗೆಯ ಒಳಗಿತ್ತು. ಒಳಗಿದ್ದವನಿಗೆ ಮಸಿಯ ಹಂಗಿಲ್ಲ. ಈ ಔಷಧಿ ಕೆಲಸ ಮಾಡಬೇಕಾದರೆ ಪೈರು ಇನ್ನೂ ಹೊಡೆಯಲ್ಲಿದ್ದಾಗ, ತೆನೆ ಹೊರಡುವ ಮುನ್ನ ಬೀಳಬೇಕು. ತೆನೆ ಕಪ್ಪಾದ ಮೇಲೆ ಹೊಡೆದರೆ ಕಳ್ಳ ಒಳಗೆ ಸೇರಿದ ಮೇಲೆ ಹೊರಗಿನಿಂದ ಬಾಗಿಲು ಹಾಕಿದಂತೆ. ಡಬ್ಬಿಯ ಮೇಲಿನ ಚೀಟಿಯಲ್ಲಿ ಅಳತೆ ಇರುತ್ತದೆ, ಎಚ್ಚರಿಕೆ ಇರುತ್ತದೆ. ಇದು ಯಾವ ಗಳಿಗೆಯ ಔಷಧಿ, ಯಾಕೆ ಆ ಗಳಿಗೆಯದು ಎಂಬುದನ್ನೂ ಎರಡು ಸಾಲು ಕನ್ನಡದಲ್ಲಿ ಬರೆಯಲು ಏನು ತೊಂದರೆಯೋ ಕಾಣೆ.

ಇಲ್ಲೊಂದು ಶಬ್ದದ ಜಗಳವನ್ನೂ ಮುಗಿಸಿಬಿಡುತ್ತೇನೆ. ಇಂಥ ರಾಸಾಯನಿಕಗಳನ್ನು ಪಠ್ಯಪುಸ್ತಕಗಳು ದ್ವಿತೀಯಕ ಚಯಾಪಚಯಜಗಳೆನ್ನುತ್ತವೆ. ಮೊದಲನೆಯದು, ಎರಡನೆಯದು ಎಂಬ ಈ ಪಂಕ್ತಿಭೇದ 1891ರಷ್ಟು ಹಳೆಯದು, ಜರ್ಮನಿಯ ಆಲ್ಬ್ರೆಖ್ಟ್ ಕೊಸೆಲ್ ಮಾಡಿದ್ದು. ಜೀವಕೋಶ ಬದುಕಲು ಬೇಕಾದದ್ದು ಒಳಪಂಕ್ತಿ, ಉಳಿದದ್ದು ಹೊರಜಗಲಿ. ನನಗೆ ಈ ಹೆಸರು ಒಪ್ಪಿಗೆಯಿಲ್ಲ. ಈಚಿನವರು ವಿಶೇಷ ಚಯಾಪಚಯ ಎನ್ನುವುದೇ ಸರಿ. ಗರಿಯ ಮೇಲೆ ಕೂತ ಬೀಜಾಣುವಿಗೆ ಮಸಿ ಎರಡನೆಯ ಮಾತಲ್ಲ. ನಮಗೂ ಅಲ್ಲ. ಇದೇ ಹೂ ಕಟ್ಟುವ ಕಿಣ್ವದ ಒಬ್ಬ ದಾಯಾದಿ ಪೆನಿಸಿಲಿಯಂ ಬೂಷ್ಟಿನಲ್ಲಿ ಕಟ್ಟಿದ ಅಣುವನ್ನು 1970ರ ದಶಕದಲ್ಲಿ ಜಪಾನಿನ ಅಕಿರಾ ಎಂಡೊ ಹೆಕ್ಕಿದರು. ಈ ಸಭೆಯಲ್ಲಿ ರಾತ್ರಿ ಊಟವಾದ ಮೇಲೆ ಕೊಲೆಸ್ಟರಾಲ್ ಮಾತ್ರೆ ನುಂಗುವವರ ಮಾತ್ರೆಗಳ ಮೂಲಪುರುಷ ಅದೇ.

ಬೀಗ ಹಾಕಿದ ಕಿಣ್ವ ಬೀಗ ಮುರಿಯುವುದೂ ಉಂಟು. ನೀರು ತೆಗೆಯುವ ಕಿಣ್ವಕ್ಕೆ ಅಡ್ಡಿ ಮಾಡುವ ಕಾರ್ಪ್ರೋಪಮಿಡ್ ಎಂಬ ಔಷಧಿಯನ್ನು ಜಪಾನಿನ ರೈತರು ಸಸಿ ತಟ್ಟೆಗೇ ಹಾಕಿ ನಾಟಿ ಮಾಡುತ್ತಿದ್ದರು. 2001ರ ಹೊತ್ತಿಗೆ ಕ್ಯೂಷು ದ್ವೀಪದ ಸಾಗಾ ಪ್ರಾಂತದಲ್ಲಿ ಅದಕ್ಕೆ ಜಗ್ಗದ ಶಿಲೀಂಧ್ರ ಕಾಣಿಸಿತು. ಕಿಣ್ವದ 75ನೇ ಜಾಗದಲ್ಲಿ ವ್ಯಾಲಿನ್ ಹೋಗಿ ಮೆಥಿಯೊನಿನ್ ಬಂದಿತ್ತು, ಅಷ್ಟೇ ವ್ಯತ್ಯಾಸ. ನಮ್ಮ ಟ್ರೈಸೈಕ್ಲಜೋಲ್ ಈ ವಿಷಯದಲ್ಲಿ ಗಟ್ಟಿ. ಅದರ ಕಷ್ಟ ಬೇರೆ ಕಡೆಯಿಂದ ಬಂತು: 2018ರ ಆರಂಭದಿಂದ ಯುರೋಪಿನ ಒಕ್ಕೂಟ ಅಕ್ಕಿಯಲ್ಲಿ ಅದರ ಉಳಿಕೆಯ ಮಿತಿಯನ್ನು ಕಿಲೋಗೆ 1 ಮಿಲಿಗ್ರಾಂನಿಂದ 0.01ಕ್ಕೆ ಇಳಿಸಿತು. ಬಾಸ್ಮತಿ ಕಳಿಸುವವರು ತತ್ತರಿಸಿದರು.

ಈಗ ಎರಡನೆಯ ಶಿಲೀಂಧ್ರ. ಇದರ ಕಥೆಗೆ ತೈವಾನಿಗೆ ಹೋಗಬೇಕು, ಆಗ ಅದು ಜಪಾನಿನ ಕೈಯಲ್ಲಿತ್ತು. ಭತ್ತದ ಒಟ್ಲಿನಲ್ಲಿ ಕೆಲವು ಸಸಿ ಮಿಕ್ಕವಕ್ಕಿಂತ ಒಂದು ಗೇಣು ಎತ್ತರಕ್ಕೆ, ಬಿಳಿಚಿಕೊಂಡು, ಬಡಕಲಾಗಿ ಬೆಳೆದು, ಕಾಳು ಕಟ್ಟದೆ ಸಾಯುತ್ತವೆ. ಜಪಾನೀಯರು ಇದಕ್ಕೆ ಇಟ್ಟ ಹೆಸರು ಬಕಾನೆ, ಪೆದ್ದ ಸಸಿ ಎಂದರ್ಥ. ಪಂಜಾಬಿನ ಬಾಸ್ಮತಿ ರೈತರಿಗೆ ಇದು ಝಂಡಾ ರೋಗ. ಬಯಲಿನಲ್ಲಿ ಅಲ್ಲೊಂದು ಇಲ್ಲೊಂದು ಬಾವುಟದಂತೆ ತಲೆಯೆತ್ತಿ ನಿಲ್ಲುತ್ತದೆ. 1926ರಲ್ಲಿ ತೈವಾನಿನಲ್ಲಿದ್ದ ಕುರೊಸಾವಾ ಎಂಬ ಸಸ್ಯರೋಗ ತಜ್ಞ ಈ ಶಿಲೀಂಧ್ರವನ್ನು ದ್ರವದಲ್ಲಿ ಬೆಳೆಸಿ, ಸೋಸಿ, ಶಿಲೀಂಧ್ರವೇ ಇಲ್ಲದ ತಿಳಿಯನ್ನು ಸಸಿಗಳಿಗೆ ಹಾಕಿದ. ಸಸಿಗಳು ಹಾಗೇ ಉದ್ದಕ್ಕೆ ಓಡಿದವು. ರೋಗದ ಅರ್ಧ ಲಕ್ಷಣ ಆ ತಿಳಿಯಲ್ಲಿತ್ತು. 1935ರಲ್ಲಿ ಟೋಕಿಯೊದ ಯಾಬುಟಾ ಆ ವಸ್ತುವಿಗೆ ಜಿಬ್ಬರೆಲಿನ್ ಎಂದು ಹೆಸರಿಟ್ಟ, 1938ರಲ್ಲಿ ಹರಳುಗಟ್ಟಿಸಿದ. ಹೊರಜಗತ್ತಿನ ಕಿವಿಗೆ ಅದು ಬಿದ್ದದ್ದು ಮಹಾಯುದ್ಧ ಮುಗಿದ ಮೇಲೆ.

ವಿಚಿತ್ರವೆಂದರೆ ಗಿಡಗಳೂ ಇದೇ ಜಿಬ್ಬರೆಲಿನನ್ನು ತಮಗಾಗಿ ಮಾಡಿಕೊಳ್ಳುತ್ತವೆ. ಕಾಂಡ ಚಾಚಲು, ಬೀಜ ಮೊಳೆಯಲು ಅದು ಬೇಕು. ಹಾಗಾದರೆ ಶಿಲೀಂಧ್ರ ಗಿಡದಿಂದ ಕದ್ದಿತೇ? ಕಿಣ್ವಗಳನ್ನು ನೋಡಿದರೆ ಕಳ್ಳತನದ ಗುರುತಿಲ್ಲ. ಶಿಲೀಂಧ್ರದಲ್ಲಿ ಇದಕ್ಕೆ ಬೇಕಾದ ಏಳು ಜೀನುಗಳು ಒಂದೇ ಕಡೆ ಸಾಲಾಗಿವೆ. ಗಿಡ ಎರಡು ಕಿಣ್ವಗಳಿಂದ ಮಾಡಿಸುವ ಮೊದಲ ಹೆಜ್ಜೆಗಳನ್ನು ಶಿಲೀಂಧ್ರ ಒಂದೇ ಕಿಣ್ವದಿಂದ ಮಾಡಿಸುತ್ತದೆ. ಕೊನೆಯ ಹೆಜ್ಜೆಗಳಲ್ಲಂತೂ ಎರಡರ ಕಿಣ್ವಗಳ ಕುಲವೇ ಬೇರೆ. ಒಂದೇ ಹೋಳಿಗೆ, ಎರಡು ಊರಿನ ಕೈ. ಇನ್ನೊಂದು ಗುಟ್ಟು: ಸಾರಜನಕ ಧಾರಾಳವಾಗಿದ್ದಾಗ ಶಿಲೀಂಧ್ರದ ಈ ಜೀನುಗಳಲ್ಲಿ ಹೆಚ್ಚಿನವು ಮಲಗಿರುತ್ತವೆ, ಬರ ಬಿದ್ದಾಗ ಏಳುತ್ತವೆ. ಕಾರ್ಖಾನೆಗಳು ಇದನ್ನೇ ಬಳಸಿಕೊಂಡು, ಶಿಲೀಂಧ್ರಕ್ಕೆ ಸಕ್ಕರೆ ಧಾರಾಳ, ಸಾರಜನಕ ಬಿಗಿ ಮಾಡಿ, ದೊಡ್ಡ ಹಂಡೆಗಳಲ್ಲಿ ಜಿಬ್ಬರೆಲಿನ್ ತೆಗೆಯುತ್ತವೆ.

ಅದು ಎಲ್ಲಿಗೆ ಹೋಗುತ್ತದೆ? ವಿಜಯಪುರದ ದ್ರಾಕ್ಷಿ ತೋಟಕ್ಕೆ. ಅಲ್ಲಿನವರ ಬಾಯಲ್ಲಿ ಅದು ಜಿಎ. ನೀರಿನಲ್ಲಿ ಸುಲಭಕ್ಕೆ ಕರಗದ ಬಿಳಿ ಪುಡಿಯನ್ನು ಮೊದಲು ಅಸಿಟೋನಿನಲ್ಲೋ ಸ್ಪಿರಿಟ್ಟಿನಲ್ಲೋ ಕರಗಿಸಿ, ಆಮೇಲೆ ನೀರಿಗೆ ಸೇರಿಸಿ, ಹೂವಿಗೆ ಮುನ್ನ ಗೊಂಚಲು ಉದ್ದವಾಗಲೆಂದು ಸಿಂಪಡಿಸುತ್ತಾರೆ; ಕಾಯಿ ಕಾಳಿನಷ್ಟಾದಾಗ ಗೊಂಚಲು ಗೊಂಚಲೇ ಮುಳುಗಿಸಿ ಡಿಪ್ಪಿಂಗ್ ಮಾಡುತ್ತಾರೆ. ಸಾಧಾರಣವಾಗಿ ಹಣ್ಣು ಉಬ್ಬಲು ಬೇಕಾದ ಜಿಬ್ಬರೆಲಿನ್ ಬೀಜದಿಂದ ಬರಬೇಕು. ಥಾಮ್ಸನ್ ಸೀಡ್‌ಲೆಸ್ಸಿಗೆ ಬೀಜವಿಲ್ಲ. ಬೀಜದ ಬದಲಿಗೆ ಪೆದ್ದ ಸಸಿಯ ಶಿಲೀಂಧ್ರ ನಿಂತಿದೆ.

ಇದಕ್ಕಿಂತ ದೊಡ್ಡ ಕಥೆ ಭತ್ತದಲ್ಲೇ ಇದೆ. ಹಳೆಯ ಎತ್ತರದ ತಳಿಗಳಿಗೆ ಗೊಬ್ಬರ ಹೆಚ್ಚು ಹಾಕಿದರೆ ತೆನೆಯ ಭಾರಕ್ಕೆ ಪೈರು ಮಲಗುತ್ತಿತ್ತು. ತೈವಾನಿನಲ್ಲಿ ಡೀ-ಜಿಯೊ-ವೂ-ಜೆನ್ ಎಂಬ ಗಿಡ್ಡ ಭತ್ತವಿತ್ತು. ಅದರ ಗಿಡ್ಡತನವನ್ನು ತಂದು ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ 1966ರಲ್ಲಿ ಐಆರ್ 8 ಕೊಟ್ಟಿತು. ನಮ್ಮ ಹಿರಿಯರಿಗೆ ನೆನಪಿರುವ ಜಯಾ, 1968ರದ್ದು, ಅದೇ ಗಿಡ್ಡತನದ ಪಾಲು ಪಡೆದದ್ದು. ಆ ಗಿಡ್ಡತನ ಏನೆಂದು ಗೊತ್ತಾದದ್ದು 2002ರಲ್ಲಿ: ಭತ್ತದ ಒಂದು ಜಿಬ್ಬರೆಲಿನ್ ಕಿಣ್ವ ಕೆಟ್ಟಿತ್ತು. ತೈವಾನಿನ ಗದ್ದೆಗಳಲ್ಲಿ ಒಂದು ಸಸಿ ಜಿಬ್ಬರೆಲಿನ್ ಹೆಚ್ಚಾಗಿ ಸತ್ತಿತು, ಇನ್ನೊಂದು ಜಿಬ್ಬರೆಲಿನ್ ಕಡಿಮೆಯಾಗಿ ಜಗತ್ತಿಗೆ ಅನ್ನ ಹಾಕಿತು.

ಗಿಡ್ಡ ಪೈರು ಮಲಗುವುದಿಲ್ಲ. ಹಾಗಾಗಿ ಯೂರಿಯಾ ಧೈರ್ಯವಾಗಿ ಹಾಕಬಹುದು. ಹಾಕಿದೆವು. ನಾಟಿಯಾದ ಮೇಲೊಂದು ಸಲ, ತೆಂಡೆ ಒಡೆಯುವಾಗೊಂದು ಸಲ, ಪಕ್ಕದ ಗದ್ದೆಯವನು ಹಾಕಿದನೆಂದು ಇನ್ನೊಂದು ಸಲ. ಸಾರಜನಕ ಕುಡಿದ ಗರಿ ಕಡು ಹಸಿರು, ಮೆದು. ಮರಳಿನ ಸತ್ವ ಕಡಿಮೆ. ಬೆಂಕಿ ರೋಗಕ್ಕೆ ಅಂಥ ಗರಿಯೆಂದರೆ ಔತಣ. ಅದರ ಹಿಂದೆಯೇ ಟ್ರೈಸೈಕ್ಲಜೋಲ್ ಬಂತು. ಒಂದು ಕಿಣ್ವ ಕೆಟ್ಟದ್ದರಿಂದ ಬೆಳೆ ಹೆಚ್ಚಿತು, ಬೆಳೆ ಹೆಚ್ಚಿಸಲು ಹಾಕಿದ್ದರಿಂದ ಇನ್ನೊಂದು ಕಿಣ್ವದ ಕೆಲಸ ಸಲೀಸಾಯಿತು. ನಾನು ಆರಂಭದಲ್ಲಿ ಸಿಕ್ಕಿಕೊಂಡಿದ್ದೇವೆ ಅಂದದ್ದು ಇದನ್ನೇ.

ಮೆಕ್ಕೆಜೋಳದ್ದು ಇನ್ನೊಂದು ಉಪನ್ಯಾಸಕ್ಕಾಗುವಷ್ಟಿದೆ, ದಾವಣಗೆರೆ ಹಾವೇರಿಯವರು ಕ್ಷಮಿಸಬೇಕು. ಒಂದೇ ಮಾತು ಹೇಳುತ್ತೇನೆ. 1970ರಲ್ಲಿ ಅಮೆರಿಕದ ಮೆಕ್ಕೆಜೋಳದ ಸುಮಾರು ಶೇ. 15ರಷ್ಟು ಎಲೆ ಅಂಗಮಾರಿಗೆ ಹೋಯಿತು. ಆ ಶಿಲೀಂಧ್ರದ ಒಂದು ಪಂಗಡಕ್ಕೆ ಹೂ ಕಟ್ಟುವ ಕಿಣ್ವಗಳು ಎರಡು ಹೆಚ್ಚಿಗೆ ಸಿಕ್ಕಿದ್ದವು. ಅವು ಕಟ್ಟಿದ ವಿಷ ಟೆಕ್ಸಾಸ್ ಮೂಲದ ಗಂಡು ಬರಡು ತಳಿಯಲ್ಲಿ ಮಾತ್ರ ಬೆಂಕಿಯಂತೆ ಕೆಲಸ ಮಾಡುತ್ತಿತ್ತು. ಬೀಜ ಮಾಡುವುದು ಸುಲಭವೆಂದು ಆ ದೇಶದ ಹೈಬ್ರಿಡ್‌ಗಳಲ್ಲಿ ಹೆಚ್ಚಿನವನ್ನು ಅದೇ ಮೂಲದಿಂದ ತೆಗೆದಿದ್ದರು. ಆ ವರ್ಷದ ಹಾನಿಗೆ ಶಿಲೀಂಧ್ರದಷ್ಟೇ ಬೀಜದ ಪಟ್ಟಿ ಬರೆದವರೂ ಪಾಲುದಾರರು ಎಂದು ನಾನು ತರಗತಿಯಲ್ಲಿ ಹೇಳುತ್ತಿದ್ದೆ.

ಗಿಡಗಳು ಸುಮ್ಮನೆ ಹೊಡೆಸಿಕೊಳ್ಳುತ್ತವೆಂದು ತಿಳಿಯಬೇಡಿ. ಬೆಂಕಿ ರೋಗದ ಶಿಲೀಂಧ್ರದಲ್ಲಿ ಏಸ್ 1 ಎಂಬ ಭಾರೀ ಕಿಣ್ವವಿದೆ, ನಾಲ್ಕು ಸಾವಿರಕ್ಕೂ ಹೆಚ್ಚು ಅಮೈನೊ ಆಮ್ಲಗಳದ್ದು. ಅದು ಎಚ್ಚರವಾಗುವುದು ಕಪ್ಪು ಬಟ್ಟಲು ಗರಿಯನ್ನು ತೂರುವ ಕೆಲವೇ ಗಂಟೆ, ಆಮೇಲೆ ಪತ್ತೆಯಿಲ್ಲ. ಪೈ 33 ಎಂಬ ನಿರೋಧಕ ಜೀನ್ ಇರುವ ಭತ್ತ ಆ ಕೆಲವೇ ಗಂಟೆಯಲ್ಲಿ ಕಳ್ಳನನ್ನು ಹಿಡಿಯುತ್ತದೆ. 2004ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಕಿಣ್ವದ ಕೆಲಸ ನಡೆಯುವ ಜಾಗದಲ್ಲಿ ಒಂದೇ ಒಂದು ಅಮೈನೊ ಆಮ್ಲ ಬದಲಿಸಿ ನೋಡಿದರು. ಕಿಣ್ವ ಇತ್ತು, ಅಡುಗೆ ನಿಂತಿತ್ತು. ಭತ್ತಕ್ಕೆ ಗುರುತು ಸಿಗಲಿಲ್ಲ. ಅಂದರೆ ಅದು ಹಿಡಿಯುತ್ತಿದ್ದದ್ದು ಅಡುಗೆಯವನ ಮುಖವನ್ನಲ್ಲ, ಒಗ್ಗರಣೆಯ ವಾಸನೆಯನ್ನು. ಹೊಲದಲ್ಲಿ ನಿಂತ ಗಿಡ ನಮ್ಮ ಎಂ.ಎಸ್ಸಿ.ಗಿಂತ ಚೆನ್ನಾಗಿ ರಸಾಯನಶಾಸ್ತ್ರ ಬಲ್ಲದು.

ನಿರೋಧಕ ಗುಣವಿರುವ ರಾಗಿ ನಮ್ಮಲ್ಲೂ ಇದೆ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಇಂಡಿಯಾ, ಆಫ್ರಿಕಾಗಳ ರಾಗಿಯನ್ನು ಕೂಡಿಸಿ ಇಂಡಾಫ್ ಮಾಡಿದರು. ಆ ಬಳಗದಿಂದ ಬಂದ ಜಿಪಿಯು 28 ಬೆಂಕಿಗೆ ಸುಲಭಕ್ಕೆ ಬಗ್ಗುವುದಿಲ್ಲ. ಒಟ್ಲಿಗೆ ಭತ್ತದ ಹೊಟ್ಟಿನ ಬೂದಿ ಹಾಕುವವರನ್ನು ಹಳೇ ಕಾಲದವರೆಂದು ನಾವು ಓದಿದವರು ನಗುತ್ತಿದ್ದೆವು. ಹೊಟ್ಟಿನ ಬೂದಿಯಲ್ಲಿ ಮರಳಿನ ಸತ್ವ ಯಥೇಚ್ಛ, ಅದು ಗರಿಯನ್ನು ಗಡಸು ಮಾಡುತ್ತದೆ, ಬೆಂಕಿ ರೋಗ ಕಡಿಮೆಯಾಗುತ್ತದೆ. 80 ವಾಯುಭಾರದ ಸೂಜಿಗೆ ಅಜ್ಜಿಯರ ಒಲೆಬೂದಿ ಅಡ್ಡ ನಿಂತಿತ್ತು.

ಇದೆಲ್ಲ ಅರ್ಥವಾದ ಮೇಲೆ, ಆರೇಳು ವರ್ಷ ಕಳೆದು, ಒಂದು ಹಬ್ಬಕ್ಕೆ ಊರಿಗೆ ಹೋದಾಗ ದೊಡ್ಡಪ್ಪನ ಜಗಲಿಯಲ್ಲಿ ಕೂತು ಕಥೆಯನ್ನೆಲ್ಲ ಹೇಳಿದೆ. ಮಸಿ, ಬಟ್ಟಲು, ಸೂಜಿ, ತಡವಾಗಿ ಹೊಡೆಸಿದ ನನ್ನ ತಪ್ಪು. ಅವರು ಎಲೆಗೆ ಸುಣ್ಣ ಹಚ್ಚುತ್ತ ಕೇಳಿಸಿಕೊಂಡರು.

"ಹಂಗಾದ್ರೆ ಅವತ್ತು ಅವನು ಕೊಟ್ಟಿದ್ದು ಸುಣ್ಣದ ಪುಡಿ ಅಲ್ಲ ಅನ್ನು."

"ಅಲ್ಲ ದೊಡ್ಡಪ್ಪ, ಒಳ್ಳೇ ಔಷಧಿಯೇ."

ಎಲೆ ಮಡಿಸಿ ಬಾಯಿಗಿಟ್ಟುಕೊಂಡು ಬೀದಿಯ ಕಡೆ ನೋಡುತ್ತ ಸ್ವಲ್ಪ ಹೊತ್ತು ಕೂತರು. ಆಮೇಲೆ ಅಂದರು: "ಆರು ವರ್ಷ ಆಯ್ತು ಕಣಪ್ಪ, ಅವನ ಅಂಗಡಿ ಮುಂದೆ ಹೋಗಬಾರದು ಅಂತ ನಾನು ಕೆರೆ ಏರಿ ಸುತ್ತಿ ಗದ್ದೆಗೆ ಹೋಗ್ತಾ ಇದ್ದೀನಿ."